ಕಾರಿಗೆ ಲಿಥಿಯಂ ಬ್ಯಾಟರಿ ಹಾಕಿಸಿದ ಮೇಲೆ ತೊಂದರೆ ಬಂದರೆ ಎಲ್ಲಿಂದ ಹುಡುಕಬೇಕು

ಸೀಸದ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿಕೊಂಡವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: "ಅಣ್ಣಾ, ಚೆನ್ನಾಗೇ ಇತ್ತು, ಇದ್ದಕ್ಕಿದ್ದಂಗೆ ಪೂರ್ತಿ ಆಫ್ ಆಗೋಯ್ತು." ಸೀಸದ ಬ್ಯಾಟರಿ ಹಾಗೆ ಕೈಕೊಡುವುದು ಕಡಿಮೆ. ಬೆಳಗ್ಗೆ ಸೆಲ್ಫ್ ಎಳೆದೆಳೆದು ತಿರುಗುತ್ತದೆ, ಹಾರ್ನ್ ಸಣ್ಣಗಾಗುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ಇಷ್ಟೆಲ್ಲ ಸೂಚನೆ ಕೊಟ್ಟ ಮೇಲೆ ಅದು ನಿಲ್ಲುವುದು. ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಹೆಚ್ಚಾದರೆ, ತೀರಾ ಇಳಿದರೆ, ಕರೆಂಟ್ ಮಿತಿ ಮೀರಿದರೆ, ಸೆಲ್‌ಗಳು ಕಾದರೆ ಅದು ಒಳಗಿನಿಂದಲೇ ಲೈನ್ ಕಟ್ ಮಾಡುತ್ತದೆ. ಹೊರಗಿನವರಿಗೆ ಬ್ಯಾಟರಿ ಸತ್ತಂತೆ ಕಾಣುತ್ತದೆ, ಆದರೆ ಒಳಗಿನ ಸೆಲ್‌ಗಳು ಚೆನ್ನಾಗಿಯೇ ಇರಬಹುದು.

ದಾವಣಗೆರೆಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನಾಗಿ ನನಗೆ ಖಚಿತವಾಗಿರುವುದು ಇಷ್ಟು: ಬಿಎಂಎಸ್ ಸುಮ್ಮನೆ ಕಟ್ ಮಾಡುವುದು ಅಪರೂಪ. ಕಾರಣ ಹೆಚ್ಚಿನ ಸಲ ಕಾರಿನಲ್ಲಿರುತ್ತದೆ, ಇಲ್ಲವೇ ಆ ಕಾರಿಗೆ ಹೊಂದದ ಬ್ಯಾಟರಿ ಆರಿಸಿದ್ದರಲ್ಲಿರುತ್ತದೆ. ಅದನ್ನು ಹುಡುಕದೆ ಬ್ಯಾಟರಿಯನ್ನಷ್ಟೇ ಬದಲಾಯಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬಿಚ್ಚುವ ಮೊದಲು ಮೀಟರ್ ಇಡಿ

ಕಾರು ನಿಂತ ಕೂಡಲೇ 10 ನಂಬರ್ ಸ್ಪ್ಯಾನರ್ ಹಿಡಿದು ಟರ್ಮಿನಲ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸುವುದು ನಮ್ಮವರ ಅಭ್ಯಾಸ. ಲಿಥಿಯಂ ವಿಷಯದಲ್ಲಿ ಇದರಿಂದ ಸಾಕ್ಷಿಯೇ ಅಳಿಸಿಹೋಗುತ್ತದೆ. ಲೋಡ್ ತೆಗೆದ ತಕ್ಷಣ ಎಷ್ಟೋ ಬಿಎಂಎಸ್‌ಗಳು ತಾವೇ ಮತ್ತೆ ಆನ್ ಆಗುತ್ತವೆ. ಕಾರು ಸ್ಟಾರ್ಟ್ ಆಗುತ್ತದೆ, "ಟರ್ಮಿನಲ್ ಲೂಸ್ ಇತ್ತು" ಎಂದು ಕಳಿಸುತ್ತಾರೆ, ಎರಡು ದಿನ ಬಿಟ್ಟು ಅದೇ ಕಾರು ಟೋ ಮಾಡಿಸಿಕೊಂಡು ಬರುತ್ತದೆ.

ಆದ್ದರಿಂದ ಮೊದಲು ಮಲ್ಟಿಮೀಟರ್. ಅದರ ಮೊನೆಯನ್ನು ಕ್ಲಾಂಪಿನ ಮೇಲಲ್ಲ, ಬ್ಯಾಟರಿಯ ಕಂಬದ (ಮೇಲೆ ಚಾಚಿರುವ ಟರ್ಮಿನಲ್ಲಿನ) ನೆತ್ತಿಯ ಮೇಲೇ ಒತ್ತಿ ಹಿಡಿಯಿರಿ. ಓದಿಕೊಂಡ ಮೇಲೆ ಅದೇ ಮೊನೆಯನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿ ಕೇಬಲಿನ ಕ್ಲಾಂಪ್ ಮೇಲೆ ಇಡಿ. ಕಂಬದಲ್ಲಿ 13.2 ಬಂದು ಕ್ಲಾಂಪಿನಲ್ಲಿ ಸೊನ್ನೆಯೋ ಕುಣಿಯುವ ಅಂಕಿಯೋ ಬಂದರೆ ತೊಂದರೆ ಕ್ಲಾಂಪಿನದು. ಎರಡರಲ್ಲೂ ಸೊನ್ನೆ ಅಥವಾ ಎರಡು ಮೂರು ವೋಲ್ಟ್ ಬಂದರೆ ಬಿಎಂಎಸ್ ಕಟ್ ಆಗಿದೆ. ಎರಡರಲ್ಲೂ 13ರ ಆಸುಪಾಸು ಬಂದು, ಸೆಲ್ಫ್ ಹೊಡೆದಾಗ ಮಾತ್ರ ಬಿದ್ದುಹೋದರೆ ಅದು ಬೇರೆ ಕಥೆ, ಮುಂದೆ ಬರುತ್ತದೆ. ಅರ್ಧ ಇಂಚಿನ ಈ ಪರೀಕ್ಷೆ ಉಳಿಸುವಷ್ಟು ಹಣವನ್ನು ಬೇರಾವ ಪರೀಕ್ಷೆಯೂ ಉಳಿಸದು.

ಕ್ಲಾಂಪ್ ಲೂಸ್ ಇರುವುದಕ್ಕೆ ಒಂದು ಕಾರಣವನ್ನು ಬಿಡಿಸಿ ಹೇಳಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಬರುವ 38ಬಿ20ಎಲ್ ಥರದ ಜಪಾನಿ ಅಳತೆಯ ಬ್ಯಾಟರಿಗೆ ತೆಳು ಕಂಬ, ಡಿನ್ ಎಂಬ ಜರ್ಮನ್ ಅಳತೆಯದಕ್ಕೆ ದಪ್ಪ ಕಂಬ. ದಪ್ಪ ಕಂಬದ ಕ್ಲಾಂಪಿಗೆ ತೆಳು ಕಂಬದ ಲಿಥಿಯಂ ಕೂರಿಸಿದರೆ ನಟ್ ಎಷ್ಟು ಬಿಗಿದರೂ ಹಿಡಿತ ಸಿಗುವುದಿಲ್ಲ. ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡನ್ನು ಸುತ್ತಿ ಬಿಗಿದದ್ದನ್ನು ಕಣ್ಣಾರೆ ನೋಡಿದ್ದೇನೆ. ತಗಡಿನ ಅಂಚು ಕಪ್ಪಗೆ ಸುಟ್ಟಿತ್ತು. ಇದಕ್ಕೆಂದೇ ಸೀಸದ ಅಥವಾ ಹಿತ್ತಾಳೆಯ ತೋಳು ಸಿಗುತ್ತದೆ, ಅದನ್ನೇ ಹಾಕಿ. ಹೆಸರಿನ ಕೊನೆಯ ಎಲ್ ಅಥವಾ ಆರ್ ಅಕ್ಷರ ಕಂಬಗಳು ಯಾವ ಬದಿಗೆ ಎಂಬುದನ್ನು ಹೇಳುತ್ತದೆ. ಅದು ತಪ್ಪಿದರೆ ಪಾಸಿಟಿವ್ ಕೇಬಲನ್ನು ಎಳೆದು ಕೂರಿಸಬೇಕಾಗುತ್ತದೆ, ಎಳೆದ ಕೇಬಲ್ ಬಾನೆಟ್ಟಿಗೋ ಬ್ರಾಕೆಟ್ಟಿಗೋ ಉಜ್ಜುತ್ತದೆ.

ಅಂಕಿ ಓದುವ ಕ್ರಮವೇ ಬೇರೆ

ಸೀಸದ ಬ್ಯಾಟರಿಯಲ್ಲಿ ಆರು ಸೆಲ್. ವಿಶ್ರಾಂತಿಯಲ್ಲಿ 12.6ರಿಂದ 12.8 ಬಂದರೆ ಫುಲ್, 12.2 ಅಂದರೆ ಅರ್ಧ. ಈ ಲೆಕ್ಕ ನಮ್ಮೆಲ್ಲರ ಬಾಯಲ್ಲಿದೆ, ಅದನ್ನೇ ಲಿಥಿಯಂಗೂ ಹಚ್ಚುತ್ತಾರೆ. ಕಾರಿಗೆ ಸರಿಹೊಂದುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಅದರಲ್ಲಿ 3.2 ವೋಲ್ಟಿನ ನಾಲ್ಕು ಸೆಲ್. ಫುಲ್ ಚಾರ್ಜ್ ಆಗಿ ವಿಶ್ರಾಂತಿಗೆ ಬಂದಾಗ 13.3ರಿಂದ 13.4 ತೋರಿಸುತ್ತದೆ. ಮೂರನೇ ಒಂದು ಭಾಗ ಉಳಿದಾಗಲೂ 13ರ ಹತ್ತಿರವೇ ಇರುತ್ತದೆ. 12.8 ಬಂತೆಂದರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಮಾತ್ರ ಬಾಕಿ. ಸೀಸದ ಲೆಕ್ಕದಲ್ಲಿ "12.7 ಇದೆ, ಬ್ಯಾಟರಿ ಫುಲ್" ಅನ್ನುವ ಅಂಕಿ ಲಿಥಿಯಂ ಲೆಕ್ಕದಲ್ಲಿ ತಳ ಕಾಣುವ ಅಂಕಿ. ಎಷ್ಟೋ ಕಾರುಗಳು ಈ ಒಂದು ಓದಿನಿಂದಲೇ ದಾರಿ ತಪ್ಪಿ ಸೆಲ್ಫ್ ಮೋಟಾರ್ ಬಿಚ್ಚಿಸಿಕೊಳ್ಳುತ್ತವೆ.

ಸೀಸದ ಬ್ಯಾಟರಿ 1859ರಿಂದ ಇದೆ. ಕಾರಿನ ಚಾರ್ಜಿಂಗ್ ವ್ಯವಸ್ಥೆಯೆಲ್ಲ ಅದರ ಸ್ವಭಾವಕ್ಕೆ ತಕ್ಕಂತೆ ಬೆಳೆದುಬಂದದ್ದು. ಎಲ್‌ಎಫ್‌ಪಿ ರಸಾಯನವನ್ನು ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ ಪ್ರಕಟಿಸಿದ್ದು 1997ರಲ್ಲಿ. ಒಂದು ಸೆಲ್ಲಿನ ಗರಿಷ್ಠ 3.65 ವೋಲ್ಟ್, ನಾಲ್ಕಕ್ಕೆ 14.6. ಕಾರಿನ 14.4 ವೋಲ್ಟ್ ಚಾರ್ಜಿಂಗಿಗೆ ಇದು ಹೊಂದಿದ್ದು ನಮ್ಮ ಪುಣ್ಯ. ಇ-ಬೈಕುಗಳಲ್ಲಿ ಬರುವ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಲಿಥಿಯಂ ಸೆಲ್‌ಗಳಿಗೆ ಆ ಹೊಂದಿಕೆ ಇಲ್ಲ: ಮೂರು ಸೇರಿಸಿದರೆ 12.6ಕ್ಕೇ ಮಿತಿ, ನಾಲ್ಕು ಸೇರಿಸಿದರೆ 16.8 ಆಗುವವರೆಗೂ ತುಂಬುವುದಿಲ್ಲ. ಯಾರೋ ಜೋಡಿಸಿಕೊಟ್ಟ ಹೆಸರಿಲ್ಲದ ಪ್ಯಾಕ್ ಕಾರಿನಲ್ಲಿ ಕಂಡರೆ ಮೊದಲು ಸೆಲ್ ಯಾವುದೆಂದು ಕೇಳಿ. ಎನ್‌ಎಂಸಿ ಎಂದು ತಿಳಿದರೆ ಅಲ್ಲಿಗೇ ನಿಲ್ಲಿಸಿ, ತೆಗೆಸಿ. ಮುಂದಿನ ಪರೀಕ್ಷೆ ಯಾವುದೂ ಅದಕ್ಕೆ ಬೇಕಿಲ್ಲ.

ಸೆಲ್ಫ್ ಹೊಡೆದ ಕೂಡಲೇ ಕತ್ತಲೆ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪ ಚೆನ್ನಾಗಿ ಬರುತ್ತದೆ, ಸೆಲ್ಫ್ ಹೊಡೆದ ತಕ್ಷಣ ಎಲ್ಲ ಆರಿಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಮರಳುತ್ತದೆ. ಬ್ಯಾಟರಿಯ ಲೇಬಲ್ ನೋಡಿ. ಸೋಲಾರ್ ದೀಪಕ್ಕೋ ಇನ್ವರ್ಟರಿಗೋ ಮಾಡಿದ 12.8 ವೋಲ್ಟಿನ ಬ್ಯಾಟರಿಯ ಬಿಎಂಎಸ್ ಮಿತಿ 30, 50, ಹೆಚ್ಚೆಂದರೆ 100 ಆಂಪ್ ಇರುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ ತಿರುಗುವ ಹೊತ್ತಿಗೆ 150ರಿಂದ 300 ಆಂಪ್ ಎಳೆಯುತ್ತದೆ, ಡೀಸೆಲ್ ಇನ್ನೂ ಹೆಚ್ಚು. ಬಿಎಂಎಸ್ ತನ್ನ ಕೆಲಸ ತಾನು ಮಾಡಿದೆ. ಸೆಲ್ಫ್ ಹೊಡೆಯಲೆಂದೇ ಮಾಡಿದ, ಸಿಸಿಎ (ಚಳಿಯಲ್ಲೂ ಸೆಲ್ಫಿಗೆ ಎಷ್ಟು ಆಂಪ್ ಕೊಡಬಲ್ಲದು ಎಂಬ) ಅಂಕಿ ಬರೆದಿರುವ ಬ್ಯಾಟರಿಯೇ ಬೇಕು. ಬೇರೆ ದಾರಿ ಇಲ್ಲ. ಬಿಎಂಎಸ್ ಅನ್ನು ಬೈಪಾಸ್ ಮಾಡಿಕೊಡುತ್ತೇನೆ ಅನ್ನುವವರ ಕೈಗೆ ಕಾರು ಕೊಡಬೇಡಿ.

ಬ್ಯಾಟರಿ ಸರಿಯಾದದ್ದೇ ಇದ್ದು ಬರೀ ಟಕ್ ಅಂದರೆ ವೈರಿಂಗ್ ನೋಡಬೇಕು. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಆಗ ಒಬ್ಬರು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ, ನೀವು ಅಳೆಯಿರಿ. ಕಂಬದಿಂದ ಕಂಬಕ್ಕೆ 11ಕ್ಕಿಂತ ಮೇಲಿದ್ದರೆ ಬ್ಯಾಟರಿ ಗಟ್ಟಿ. ನಂತರ ಮೀಟರಿನ ಒಂದು ತುದಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಸೆಲ್ಫ್ ಹೊಡೆಯುವಾಗ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ನಟ್ಟಿಗೆ 0.5 ದಾಟಬಾರದು. ಲಾರಿ ಧೂಳು, ಮಳೆ ನೀರು ಕಂಡ ಬಾಡಿ ಅರ್ತಿನ ಬೋಲ್ಟ್ ಮೇಲೆ ನೋಡಲು ಚೆನ್ನಾಗಿದ್ದು ಲಗ್ಗಿನ ಅಡಿಯಲ್ಲಿ ಕಿಲುಬು ಹಿಡಿದಿರುತ್ತದೆ. ಬಿಚ್ಚಿ, ಎಮರಿ ಪೇಪರ್ ಹಾಕಿ ಹೊಳೆಯುವವರೆಗೆ ಉಜ್ಜಿ.

ಬ್ಯಾಟರಿ ಅಂಗಡಿಯವರು ಸೀಸದ ಬ್ಯಾಟರಿಗೆ ಇಡುವ ಲೋಡ್ ಟೆಸ್ಟರನ್ನು ಇದರ ಮೇಲೆ ಇಟ್ಟು ತೀರ್ಪು ಕೊಡುವುದನ್ನು ಒಪ್ಪಬೇಡಿ. ಆ ಎಳೆತಕ್ಕೆ ಬಿಎಂಎಸ್ ಕಟ್ ಆಗಬಹುದು. ಡಿಜಿಟಲ್ ಟೆಸ್ಟರ್ ಕೂಡ ಸೀಸಕ್ಕೆ ಹೊಂದಿಸಿದ್ದಾದರೆ ಅದರ ಅಂಕಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಲ್ಲಿಸಿದ ಕಾರು ಎದ್ದೇಳುವುದಿಲ್ಲ

ಊರಿಗೆ ಹೋಗಿ ಬಂದು ನೋಡಿದರೆ ರಿಮೋಟಿಗೂ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಲೇಬಲ್ಲಿನ ಎಎಚ್ (ಆಂಪ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ) ಅಂಕಿಯನ್ನು ಗಮನವಿಟ್ಟು ಓದಬೇಕು. ಹಲವು ಲಿಥಿಯಂ ಬ್ಯಾಟರಿಗಳ ಮೇಲೆ ದೊಡ್ಡಕ್ಷರದಲ್ಲಿರುವುದು ಸೀಸಕ್ಕೆ ಸಮಾನ ಎಂಬ ಅಂಕಿ, ಪಿಬಿಇಕ್ಯೂ ಎಂದು ಪಕ್ಕದಲ್ಲಿ ಬರೆದಿರುತ್ತದೆ. 40 ಎಎಚ್ ಸಮಾನ ಎಂದಿರುವುದರ ನಿಜವಾದ ಸಾಮರ್ಥ್ಯ 16 ಎಎಚ್ ಇರಬಹುದು. ಸೆಲ್ಫ್ ಹೊಡೆಯುವ ಶಕ್ತಿಯಲ್ಲಿ ಸಮಾನ ಹೌದು, ನಿಂತಲ್ಲೇ ಸೋರುವ ಕರೆಂಟನ್ನು ತಡೆದುಕೊಳ್ಳುವುದರಲ್ಲಿ ಅಲ್ಲ. ಕಾರು ಲಾಕ್ ಆಗಿ ನಿಂತಾಗ 40 ಮಿಲಿಆಂಪ್ ಎಳೆಯುವುದು ಸಹಜ. ದಿನಕ್ಕೆ ಹೆಚ್ಚುಕಡಿಮೆ 1 ಎಎಚ್. 35 ಎಎಚ್ ಸೀಸದ ಬ್ಯಾಟರಿ ಇದ್ದಾಗ ಗೊತ್ತೇ ಆಗದಿದ್ದ ಸೋರಿಕೆ 16 ಎಎಚ್ ಲಿಥಿಯಂ ಅನ್ನು ಹದಿನೈದು ದಿನದಲ್ಲಿ ಬರಿದು ಮಾಡುತ್ತದೆ. ಪಾರ್ಕಿಂಗ್ ಮೋಡಿನಲ್ಲಿ 300 ಮಿಲಿಆಂಪ್ ಎಳೆಯುವ ಡ್ಯಾಶ್‌ಕ್ಯಾಮ್ ಇದ್ದರೆ ದಿನಕ್ಕೆ 7 ಎಎಚ್ ಮೇಲೆ, ಎರಡು ದಿನಕ್ಕೇ ಮುಗಿಯಿತು.

ಸೋರಿಕೆ ಅಳೆಯಲು ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಬಾನೆಟ್ ತೆರೆದೇ ಇರಲಿ, ಕೀಯನ್ನು ಕಾರಿನಿಂದ ದೂರ ಇಡಿ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪ್ ರೇಂಜಿನಲ್ಲಿ ಕಂಬ ಮತ್ತು ಕೇಬಲಿನ ನಡುವೆ ಸೇರಿಸಿ ಅರ್ಧ ಗಂಟೆ ಬಿಡಿ. ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ಮಲಗಲು ಅಷ್ಟು ಹೊತ್ತು ಬೇಕು. ಮೊದಲ ನಿಮಿಷದ ಅಂಕಿ ನೋಡಿ ಗಾಬರಿಯಾಗಬೇಡಿ, ಮೀಟರ್ ಸೇರಿರುವಾಗ ಇಗ್ನಿಷನ್ ಆನ್ ಮಾಡಲೂ ಬೇಡಿ. ಕೊನೆಗೆ 50 ಮಿಲಿಆಂಪ್ ಒಳಗೆ ನಿಂತರೆ ಕಾರು ಸರಿ. ಬ್ಯಾಟರಿಯ ನಿಜವಾದ ಎಎಚ್ ಸಾಲದು ಅಷ್ಟೆ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ಯಾವುದಕ್ಕೆ ಅಂಕಿ ಬೀಳುತ್ತದೆ ನೋಡಿ. ಕಂಪನಿಯ ವೈರಿಂಗಿಗಿಂತ ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್, ಆಂಪ್ಲಿಫೈಯರ್ ಕಡೆಗೇ ನನ್ನ ಅನುಮಾನ ಮೊದಲು ಹೋಗುತ್ತದೆ.

ಹೀಗೆ ಬರಿದಾದ ಬ್ಯಾಟರಿಯನ್ನು ಎಬ್ಬಿಸುವಾಗ ಎಚ್ಚರ. ಸಾಮಾನ್ಯ ಚಾರ್ಜರ್ ಸೊನ್ನೆ ವೋಲ್ಟ್ ಕಂಡರೆ ಚಾರ್ಜ್ ಶುರುಮಾಡುವುದೇ ಇಲ್ಲ. ಎಲ್‌ಎಫ್‌ಪಿ ಮೋಡ್ ಇರುವ ಚಾರ್ಜರಿನಲ್ಲಿ ಎಬ್ಬಿಸುವ ಆಯ್ಕೆ ಇದ್ದರೆ ಅದೇ ಒಳ್ಳೆಯದು. ಎಬ್ಬಿಸಿದ ಮೇಲೆ ಕಡಿಮೆ ಕರೆಂಟಿನಲ್ಲಿ ನಿಧಾನಕ್ಕೆ ತುಂಬಿಸಿ. ಡಿಸಲ್ಫೇಷನ್ ಅಥವಾ ಈಕ್ವಲೈಸ್ ಮೋಡ್ ಇರುವ ಸೀಸದ ಚಾರ್ಜರ್ 15 ವೋಲ್ಟ್ ದಾಟಿಸುತ್ತದೆ, ಅದು ಬೇಡವೇ ಬೇಡ. ತಿಂಗಳುಗಟ್ಟಲೆ ಬರಿದಾಗಿಯೇ ಬಿದ್ದಿದ್ದರೆ, ಉಬ್ಬಿದ್ದರೆ, ಸಿಹಿಯಾದ ದ್ರಾವಕದ ವಾಸನೆ ಬಂದರೆ ಚಾರ್ಜ್ ಮಾಡುವ ಮಾತೇ ಇಲ್ಲ. ಮನೆಯಿಂದ ದೂರ ಬಯಲಲ್ಲಿಟ್ಟು ಮಾರಿದವರಿಗೆ ತಿಳಿಸಿ.

ಜಂಪರ್ ಹಾಕಿ ಸ್ಟಾರ್ಟ್ ಮಾಡಿ ಹಾಗೇ ಓಡಿಸಿಕೊಂಡು ಹೋದರೆ ಚಾರ್ಜ್ ಆಗುತ್ತದಲ್ಲ ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ಖಾಲಿ ಲಿಥಿಯಂ ತನ್ನ ಒಳತಡೆ ಕಡಿಮೆ ಇರುವುದರಿಂದ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) ಕೊಡುವಷ್ಟನ್ನೂ ಎಳೆದುಕೊಳ್ಳುತ್ತದೆ. ಎಸಿ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ನಿಂತ ಎಂಜಿನ್ನಿನ ಆಲ್ಟರ್ನೇಟರಿಗೆ ಫ್ಯಾನಿನ ಗಾಳಿಯೂ ಕಡಿಮೆ. ಸುರುಳಿ ಸುಡುವುದು ಆಗಲೇ. ಹೊರಗಿನ ಚಾರ್ಜರಿನಿಂದ ಅರ್ಧವಾದರೂ ತುಂಬಿಸಿಕೊಂಡು ಹೊರಡಿ.

ಓಡುವಾಗ ಲೈಟ್ ಝಗ್ ಎಂದು ಆರಿ ಹತ್ತುವುದು

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವ ತೊಂದರೆ ಇದು. ಚಿತ್ರದುರ್ಗದಿಂದ ದಾವಣಗೆರೆಗೆ ದಿನವೂ ಓಡಾಡುವವರೊಬ್ಬರ ಕಾರಿನಲ್ಲಿ ಭರಮಸಾಗರ ದಾಟಿದ ಮೇಲೆ ಮ್ಯೂಸಿಕ್ ಸಿಸ್ಟಮ್ ಆಫ್ ಆಗಿ ಆನ್ ಆಗುತ್ತಿತ್ತು, ಹೆಡ್‌ಲೈಟ್ ಒಮ್ಮೆ ಝಗ್ ಎನ್ನುತ್ತಿತ್ತು. ಊರೊಳಗೆ ಎಷ್ಟು ಸುತ್ತಿದರೂ ಏನೂ ಇಲ್ಲ. ಅವರನ್ನು ಕೇಳಿದೆ: "ಸರ್, ಹಳೇ ಬ್ಯಾಟರಿಗೆ ನೀರು ಜಾಸ್ತಿ ಹಾಕಬೇಕಾಗ್ತಿತ್ತಾ?" "ಹೌದು, ತಿಂಗಳಿಗೊಮ್ಮೆ ಹಾಕ್ತಿದ್ದೆ" ಅಂದರು. ಅಲ್ಲಿಗೆ ಅರ್ಧ ಗೊತ್ತಾಯಿತು. ಎಂಜಿನ್ ಬಿಸಿಯಾದ ಮೇಲೆ 2000 ಆರ್‌ಪಿಎಂನಲ್ಲಿ ಕಂಬದ ಮೇಲೆ ಅಳೆದರೆ 14.9. ಆಲ್ಟರ್ನೇಟರಿನ ಕಪ್ಲರ್ ಕಿತ್ತು ನೋಡಿದರೆ ಸೆನ್ಸ್ ವೈರಿನ ಪಿನ್ ಹಸಿರು ಕಿಲುಬು ಹಿಡಿದಿತ್ತು. ಆ ವೈರಿನಲ್ಲಿ ತಡೆ ಹೆಚ್ಚಾದರೆ ಬ್ಯಾಟರಿ ವೋಲ್ಟೇಜ್ ಕಡಿಮೆ ಇದೆಯೆಂದೇ ರೆಗ್ಯುಲೇಟರ್ ತಿಳಿಯುತ್ತದೆ, ಅದಕ್ಕೇ ಹೆಚ್ಚು ಕೊಡುತ್ತದೆ. ಸೀಸದ ಬ್ಯಾಟರಿ ಆ ಹೆಚ್ಚುವರಿಯನ್ನು ನೀರು ಕುದಿಸಿ ಕಳೆದುಕೊಳ್ಳುತ್ತಿತ್ತು. ಲಿಥಿಯಂಗೆ ಆ ದಾರಿ ಇಲ್ಲ. ಭರಮಸಾಗರದ ಹೊತ್ತಿಗೆ ಅದು ತುಂಬಿ ಸೆಲ್ ವೋಲ್ಟೇಜ್ ಏರಿ ಬಿಎಂಎಸ್ ಕಟ್ ಮಾಡುತ್ತಿತ್ತು. ಪಿನ್ ಬದಲಾಯಿಸಿದ ಮೇಲೆ 14.3ಕ್ಕೆ ನಿಂತಿತು.

ಭಯ ಯಾಕೆಂದರೆ, ಕರೆಂಟ್ ಕೊಡುತ್ತಿರುವ ಆಲ್ಟರ್ನೇಟರಿನಿಂದ ಬ್ಯಾಟರಿ ಹಠಾತ್ತಾಗಿ ಕಳಚಿದರೆ ಆ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಚಿಮ್ಮುತ್ತದೆ. ಲೋಡ್ ಡಂಪ್ ಎಂದು ಇದರ ಹೆಸರು. ಇದನ್ನು ತಡೆಯುವ ಡಯೋಡ್ ಇಲ್ಲದ 12 ವೋಲ್ಟ್ ವಾಹನಕ್ಕೆ ಐಎಸ್‌ಒ 16750-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ ಇಟ್ಟುಕೊಂಡಿರುವ ಏಟು 79ರಿಂದ 101 ವೋಲ್ಟ್. ತಡೆಯುವ ಡಯೋಡ್ ಇರುವ ವಾಹನದಲ್ಲೂ 35. ಒಮ್ಮೆ ಹೀಗಾದ ಕಾರಿನಲ್ಲಿ ಆಲ್ಟರ್ನೇಟರಿನ ಡಯೋಡ್ ನೋಡಲೇಬೇಕು: ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಎಂಜಿನ್ ಓಡುವಾಗ ಕಂಬಗಳ ಮೇಲೆ ಇಡಿ, ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಹೋಗಿದೆ. ಲೈಟ್ ಝಗ್ ಎಂದ ಕಾರನ್ನು "ನಾಳೆ ನೋಡೋಣ" ಎಂದು ಓಡಿಸಬೇಡಿ, ಇಸಿಯು ಬೆಲೆ ಬ್ಯಾಟರಿಯ ಬೆಲೆಗಿಂತ ಬಹಳ ದೊಡ್ಡದು.

ಚಾರ್ಜಿಂಗ್ 13.8ರಿಂದ 14.4ರೊಳಗೇ ಇದ್ದೂ ತುಂಬಿದಾಗ ಕಟ್ ಆಗುತ್ತಿದ್ದರೆ ನಾಲ್ಕು ಸೆಲ್‌ಗಳಲ್ಲಿ ಒಂದು ಮಿಕ್ಕವಕ್ಕಿಂತ ಮುಂದಾಗಿದೆ. ಸಣ್ಣ ಕರೆಂಟಿನ ಚಾರ್ಜರಿನಲ್ಲಿ 14.2–14.4ಕ್ಕೆ ಇಟ್ಟು ರಾತ್ರಿಯಿಡೀ ಬಿಟ್ಟರೆ ಒಳಗಿನ ಬ್ಯಾಲೆನ್ಸರ್ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಆಮೇಲೂ ಹಾಗೇ ಆದರೆ ಅದು ವಾರಂಟಿಯ ವಿಷಯ.

ಬಿಸಿಲಿನ ತೊಂದರೆ

ಲಿಥಿಯಂ ಅನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂದು ಎಲ್ಲ ಕಡೆ ಬರೆದಿರುತ್ತದೆ. ನಮ್ಮ ಸೀಮೆಗೆ ಆ ಚಿಂತೆ ಇಲ್ಲ. ಚಳ್ಳಕೆರೆ, ಹಿರಿಯೂರು, ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 40ರ ಹತ್ತಿರ ಇರುತ್ತದೆ. ಹೈವೇಯಲ್ಲಿ ಓಡಿ ಬಂದ ಕಾರನ್ನು ಬೆಣ್ಣೆದೋಸೆ ಹೋಟೆಲ್ ಮುಂದೆ ನಿಲ್ಲಿಸಿದಾಗ ಗಾಳಿ ನಿಂತು ಬಾನೆಟ್ ಒಳಗಿನ ಬಿಸಿ ಇಳಿಯುವ ಬದಲು ಏರುತ್ತದೆ. ಎಲ್‌ಎಫ್‌ಪಿಯ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 55ರಿಂದ 60 ಡಿಗ್ರಿ. ಬೆಳಗ್ಗೆ ಎಂದೂ ತೊಂದರೆ ಇಲ್ಲ, ಮಧ್ಯಾಹ್ನ ನಿಲ್ಲಿಸಿ ತೆಗೆಯುವಾಗ ಮಾತ್ರ ಬರುತ್ತದೆ, ಬಾನೆಟ್ ತೆರೆದು ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ ಅಂದರೆ ಬಿಸಿಯೇ ಕಾರಣ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಬ್ಯಾಟರಿಯ ಎಂಜಿನ್ ಕಡೆಯ ಮಗ್ಗುಲಿಗೆ ಹಿಡಿದು ನೋಡಿ. ಕಂಪನಿಯವರು ಕೊಟ್ಟ ಬಿಸಿ ತಡೆಯುವ ಹೊದಿಕೆಯನ್ನು ಯಾರೋ ಎಂದೋ ತೆಗೆದು ಬಿಸಾಕಿರುತ್ತಾರೆ, ಅದನ್ನು ಮತ್ತೆ ಹಾಕಿಸಿ. ಅದಕ್ಕೂ ಬಗ್ಗದಿದ್ದರೆ ಡಿಕ್ಕಿಗೆ ಸ್ಥಳಾಂತರಿಸಬಹುದು: ದಪ್ಪ ಕೇಬಲ್, ಬ್ಯಾಟರಿಯ ಪಕ್ಕದಲ್ಲೇ ಸರಿಯಾದ ಫ್ಯೂಸ್, ಅಲುಗಾಡದ ಬ್ರಾಕೆಟ್, ಮೂರೂ ಇದ್ದರೆ ಮಾತ್ರ. ಎಂಜಿನ್ನಿಗೆ ಅಂಟಿಕೊಂಡಂತೆ ಬ್ಯಾಟರಿ ಇರುವ ಕಾರುಗಳಿಗೆ ನಾನು ಲಿಥಿಯಂ ಬೇಡ ಎಂದೇ ಹೇಳುತ್ತೇನೆ.

ನೆಗೆಟಿವ್ ಟರ್ಮಿನಲ್ಲಿನ ಮೇಲೆ ಸಣ್ಣ ಸೆನ್ಸರ್ ಡಬ್ಬಿ ಇರುವ, ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರುಗಳಿಗೂ ಅದೇ ಮಾತು. ಅವುಗಳ ಆಲ್ಟರ್ನೇಟರನ್ನು ಇಸಿಯು ನಡೆಸುತ್ತದೆ: ಸಮ ವೇಗದಲ್ಲಿ 13ಕ್ಕಿಂತ ಕೆಳಗಿಳಿಸಿ, ಆಕ್ಸಿಲರೇಟರ್ ಬಿಟ್ಟಾಗ 15ರ ಹತ್ತಿರ ಏರಿಸಬಹುದು. ಕೆಳಗಿಳಿದಾಗ ಲಿಥಿಯಂ ತುಂಬುವ ಬದಲು ಖಾಲಿಯಾಗುತ್ತದೆ, ಏರಿದಾಗ ಕಟ್ ಆಗುತ್ತದೆ. ಅವಕ್ಕೆ ಇಎಫ್‌ಬಿ ಅಥವಾ ಎಜಿಎಂ (ಎರಡೂ ಬಲಪಡಿಸಿದ ಸೀಸದ ಬ್ಯಾಟರಿಗಳೇ) ಎಂದು ಕಂಪನಿ ಹೇಳಿದ್ದನ್ನೇ ಹಾಕಿ.

ಯಾವುದರಿಂದಲೂ ತೀರ್ಮಾನವಾಗದಿದ್ದರೆ ಚೆನ್ನಾಗಿರುವ ಸೀಸದ ಬ್ಯಾಟರಿಯೊಂದನ್ನು ಕೆಲ ದಿನ ಹಾಕಿ ಓಡಿಸಿ. ತೊಂದರೆ ಉಳಿದರೆ ಕಾರಿನದ್ದು, ಹೋದರೆ ಲಿಥಿಯಂನದ್ದು ಅಥವಾ ಅವೆರಡರ ಹೊಂದಿಕೆಯದ್ದು. ಹೊಂದಿಕೆಯ ತೊಂದರೆ ಸೀಸದ ಬ್ಯಾಟರಿಯಲ್ಲಿ ಅಡಗಿಕೊಳ್ಳುತ್ತದೆ, ಭರಮಸಾಗರದ ಕಾರಿನಲ್ಲಿ ಆದಂತೆ. ಹಾಗಾಗಿ ಈ ಪರೀಕ್ಷೆ ಚಾರ್ಜಿಂಗ್ ವೋಲ್ಟೇಜ್ ಅಳೆದ ಮೇಲೆಯೇ. ಕೊನೆಗೆ ಬೇಡವಾದ ಬ್ಯಾಟರಿ ಸೀಸದ್ದಾಗಲಿ ಲಿಥಿಯಂ ಆಗಲಿ ಗುಜರಿ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಮರುಬಳಕೆಯ ಸರಪಳಿಗೇ ಹೋಗಬೇಕು, ಮಾರಿದ ಅಂಗಡಿಗೆ ಮರಳಿಸಿದರೆ ಸಾಕು.

ವಾರಂಟಿ ಕೇಳಲು ಹೋಗುವಾಗ ಬರಿಗೈಲಿ ಹೋಗಬೇಡಿ. ನಿಂತಾಗ ಕಂಬದ ಮೇಲಿನ ವೋಲ್ಟೇಜ್, ಸೆಲ್ಫ್ ಹೊಡೆದಾಗ ಬಿದ್ದ ಕನಿಷ್ಠ ಅಂಕಿ, 2000 ಆರ್‌ಪಿಎಂನಲ್ಲಿ ಎಸಿ ಮತ್ತು ಲೈಟ್ ಹಾಕಿದಾಗ ಹಾಗೂ ಹಾಕದಿದ್ದಾಗ ಬಂದ ಚಾರ್ಜಿಂಗ್ ವೋಲ್ಟೇಜ್, ಲಾಕ್ ಆಗಿ ಅರ್ಧ ಗಂಟೆಯ ನಂತರದ ಸೋರಿಕೆ, ಇವಿಷ್ಟನ್ನು ಮೀಟರ್ ಕಾಣುವಂತೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. "ನಿಮ್ಮ ಕಾರಿನದ್ದೇ ತೊಂದರೆ" ಎಂದು ಸಾಗಹಾಕಲು ಬಂದವರ ಮುಂದೆ ಅದನ್ನು ತೋರಿಸಿ.